ಡೆವಲಪರ್, ಫುಲ್ ಸ್ಟಾಕ್, ಎಸ್‌ಆರ್‌ಇ, ಎಐ ಎಂಜಿನಿಯರ್: ಯಾವ ಕೆಲಸ ಆರಿಸಿಕೊಳ್ಳಬೇಕು?

ಒಬ್ಬರು ಮೊಬೈಲ್‌ನಲ್ಲಿ ಟಿಕೆಟ್ ಬುಕ್ ಮಾಡುತ್ತಿದ್ದಾರೆ. ‘ಹಣ ಪಾವತಿಸಿ’ ಬಟನ್ ಒತ್ತಿದರು. ನೆಟ್ ನಿಧಾನ. ಚಕ್ರ ಸುಮ್ನೆ ತಿರುಗುತ್ತಲೇ ಇದೆ. ಒತ್ತಿದ್ದು ತಗೊಳ್ಳಲಿಲ್ಲವೇನೋ ಅಂತ ಇನ್ನೊಮ್ಮೆ ಒತ್ತಿದರು. ಖಾತೆಯಿಂದ ಎರಡು ಸಲ ಹಣ ಹೋಯಿತು.

ಇದನ್ನು ಯಾರು ಸರಿಮಾಡಬೇಕು? ಬಟನ್ ಬರೆದವರಾ? ಹಣ ಕಡಿತ ಮಾಡುವ ಸರ್ವರ್ ಕೋಡ್ ಬರೆದವರಾ? ಪರೀಕ್ಷೆ ಮಾಡಿ ‘ಸರಿ ಇದೆ’ ಅಂದವರಾ? ಇಂಥದ್ದು ಎಷ್ಟು ಜನರಿಗೆ ಆಗಿದೆ ಅಂತ ಲೆಕ್ಕ ತೆಗೆಯುವವರಾ? ಹೊರಗಿನವರಿಗೆ ಇವರೆಲ್ಲ ‘ಕಂಪ್ಯೂಟರ್ ಕೆಲಸದವರು’. ಒಳಗೆ ಬಂದರೆ ಒಬ್ಬೊಬ್ಬರಿಗೆ ಒಂದೊಂದು ಹೆಸರು. ಆ ಹೆಸರುಗಳೂ ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತವೆ.

ಎರಡು ಆಫರ್ ಲೆಟರ್ ಮುಂದಿಟ್ಟುಕೊಂಡು ಯಾವುದಕ್ಕೆ ಹೂಂ ಅನ್ನಲಿ ಅಂತ ಯೋಚಿಸುತ್ತಿರುವವರಿಗೆ, ಈಗಷ್ಟೇ ಕಲಿಯಲು ಶುರುಮಾಡಿ ಯಾವ ದಾರಿ ಹಿಡಿಯಲಿ ಅಂತ ಗೊಂದಲದಲ್ಲಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ತುಂಬ ವರ್ಷದಿಂದ ಕೋಡ್ ಬರೆದೇ ಬದುಕಿದವನು. ಇಷ್ಟರಲ್ಲಿ ನನ್ನ ಹುದ್ದೆಯ ಹೆಸರು ನಾಲ್ಕು ಸಲ ಬದಲಾಗಿದೆ, ಕೆಲಸ ನಿಜವಾಗಿ ಬದಲಾದದ್ದು ಎರಡೇ ಸಲ. ಅದರಲ್ಲೂ ಒಂದು ಸಲ ಹೆಸರು ಹಾಗೇ ಉಳಿದು ಕೆಲಸ ಮಾತ್ರ ಬದಲಾಯಿತು. ಹಾಗಾಗಿ ಹೆಸರು ನೋಡಿ ಆರಿಸುವುದನ್ನು ನಾನು ಬಿಟ್ಟುಬಿಟ್ಟೆ. ಈಗ ಒಂದೇ ವಿಷಯ ನೋಡುತ್ತೇನೆ: ಏನಾದರೂ ಕೆಟ್ಟರೆ ಈ ಹುದ್ದೆಯವರು ಯಾವುದಕ್ಕೆ ಉತ್ತರ ಕೊಡಬೇಕು? ಮುಂದಿನ ಹೋಲಿಕೆಯೆಲ್ಲ ಈ ಪ್ರಶ್ನೆಯ ಮೇಲೇ ನಿಂತಿದೆ.

ಹೆಸರಿನ ಗೊಂದಲ ಹಳೆಯದು

‘ಕಂಪ್ಯೂಟರ್’ ಅನ್ನುವುದೇ ಮೊದಲು ಮನುಷ್ಯರ ಹುದ್ದೆಯ ಹೆಸರು. ಕೂತು ಲೆಕ್ಕ ಮಾಡುವವರನ್ನು ಹಾಗೆ ಕರೆಯುತ್ತಿದ್ದರು. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಯಂತ್ರವನ್ನು ಜನರ ಮುಂದೆ ತೋರಿಸಿದಾಗ ಅದಕ್ಕೆ ಪ್ರೋಗ್ರಾಮ್ ಹೊಂದಿಸಿದ್ದು ಆರು ಮಂದಿ ಹೆಂಗಸರು. ಅವರನ್ನು ಕೆಲಸಕ್ಕೆ ತೆಗೆದುಕೊಂಡಾಗ ಹುದ್ದೆಯ ಹೆಸರು ‘ಕಂಪ್ಯೂಟರ್’ ಅಂತಲೇ ಇತ್ತು. ಆಮೇಲೆ ಆ ಹೆಸರು ಯಂತ್ರಕ್ಕೆ ಹೋಯಿತು, ಮನುಷ್ಯರಿಗೆ ಹೊಸ ಹೆಸರು ಬೇಕಾಯಿತು.

ಹೊಸ ಹೆಸರನ್ನು ಒಪ್ಪಿಸುವುದೂ ಸುಲಭ ಇರಲಿಲ್ಲ. ನೆದರ್‌ಲ್ಯಾಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್ಸ್‌ಟ್ರಾ 1957ರಲ್ಲಿ ಮದುವೆಯಾದಾಗ ನೋಂದಣಿಯಲ್ಲಿ ವೃತ್ತಿ ‘ಪ್ರೋಗ್ರಾಮರ್’ ಅಂತ ಬರೆಸಲು ಹೋದರು. ಅಂಥ ವೃತ್ತಿಯೇ ಇಲ್ಲ ಅಂತ ಆಮ್‌ಸ್ಟರ್‌ಡ್ಯಾಮ್‌ನ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ‘ಸೈದ್ಧಾಂತಿಕ ಭೌತವಿಜ್ಞಾನಿ’ ಅಂತ ಬರೆಸಬೇಕಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದ ಭಾಷಣದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಆ ಕಾಲದಲ್ಲಿ ‘ಕೋಡರ್’ ಬೇರೆ, ‘ಪ್ರೋಗ್ರಾಮರ್’ ಬೇರೆ. ಲೆಕ್ಕವನ್ನು ಹೇಗೆ ಬಿಡಿಸಬೇಕು ಅಂತ ಯೋಚಿಸುವವರು ಪ್ರೋಗ್ರಾಮರ್. ಅದನ್ನು ಯಂತ್ರದ ಭಾಷೆಗೆ ಇಳಿಸುವವರು ಕೋಡರ್. 1952ರಲ್ಲಿ ಗ್ರೇಸ್ ಹಾಪರ್ ಎ-ಝೀರೋ ಕಂಪೈಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ತಾನೇ ಇಳಿಸುವ ಪ್ರೋಗ್ರಾಮ್) ಮಾಡಿದರು. 1957ರಲ್ಲಿ ಐಬಿಎಂನಿಂದ ಫೋರ್ಟ್ರಾನ್ ಭಾಷೆ ಬಂತು. ಬರೆಯಬೇಕಾದ ಸಾಲುಗಳು ಸುಮಾರು 20ರಲ್ಲಿ ಒಂದು ಪಾಲಿಗೆ ಇಳಿದವು. ಇಂಥ ಕಂಪೈಲರ್‌ಗಳನ್ನು ಆಗ ‘ಆಟೊಮ್ಯಾಟಿಕ್ ಪ್ರೋಗ್ರಾಮಿಂಗ್’ ಅಂತ ಕರೆಯುತ್ತಿದ್ದರು, ಅಂದರೆ ಪ್ರೋಗ್ರಾಮ್ ತಾನೇ ಬರೆದುಕೊಳ್ಳುತ್ತದೆ ಅನ್ನುವ ಅರ್ಥದಲ್ಲಿ. ಇವತ್ತು ಎಐ ಬಗ್ಗೆ ಕೇಳುತ್ತಿರುವ ಮಾತೇ ಅಲ್ವಾ? ಕೋಡರ್ ಅನ್ನುವ ಹುದ್ದೆ ನಿಧಾನವಾಗಿ ಮಾಯವಾಯಿತು. ಪ್ರೋಗ್ರಾಮರ್‌ಗಳ ಸಂಖ್ಯೆ ಮಾತ್ರ ಜಾಸ್ತಿಯಾಗುತ್ತಲೇ ಹೋಯಿತು.

‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಅನ್ನುವ ಮಾತಿಗೆ ಬಲ ಬಂದದ್ದು 1968ರಲ್ಲಿ, ಜರ್ಮನಿಯ ಗಾರ್ಮಿಷ್‌ನಲ್ಲಿ ನೇಟೋ ನಡೆಸಿದ ಸಮ್ಮೇಳನದಿಂದ. ದೊಡ್ಡ ಪ್ರಾಜೆಕ್ಟ್‌ಗಳು ಹೇಳಿದ ಸಮಯಕ್ಕೆ ಮುಗಿಯುತ್ತಿರಲಿಲ್ಲ, ಮುಗಿದರೂ ಸರಿಯಾಗಿ ನಡೆಯುತ್ತಿರಲಿಲ್ಲ. ಸೇತುವೆ ಕಟ್ಟುವವರ ಶಿಸ್ತು ಇಲ್ಲೂ ಬೇಕು ಅನ್ನುವ ಆಸೆ ಆ ಹೆಸರಿನ ಹಿಂದಿತ್ತು. ಅದೇ ಹೊತ್ತಿನಲ್ಲಿ ಅಪೋಲೋ ನೌಕೆಯ ಸಾಫ್ಟ್‌ವೇರ್ ತಂಡ ನಡೆಸುತ್ತಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಕೂಡ ತಮ್ಮ ಕೆಲಸಕ್ಕೆ ಈ ಹೆಸರೇ ಸಲ್ಲಬೇಕು ಅಂತ ಪಟ್ಟು ಹಿಡಿದು ಬಳಸಿದರು.

ಪ್ರೋಗ್ರಾಮರ್, ಡೆವಲಪರ್, ಎಂಜಿನಿಯರ್

ಇವತ್ತಿನ ಜಾಹೀರಾತುಗಳಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ. ‘ಡೆವಲಪರ್’ ಬಿಟ್ಟು ‘ಎಂಜಿನಿಯರ್’ ಅಂತ ಕರೆಯುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಒಂದು ಕಂಪನಿಯನ್ನು ಆರಿಸಬೇಡಿ. ಕೆಲವು ದೇಶಗಳಲ್ಲಿ ಮಾತ್ರ ಕಾನೂನಿನ ಪ್ರಶ್ನೆ ಬರುತ್ತದೆ. ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ ಲೈಸೆನ್ಸ್ ಇಲ್ಲದವರು ‘ಎಂಜಿನಿಯರ್’ ಅಂತ ಹಾಕಿಕೊಳ್ಳುವ ಹಾಗಿಲ್ಲ. ಆಲ್ಬರ್ಟಾ ಪ್ರಾಂತ್ಯ ಮಾತ್ರ 2023ರಲ್ಲಿ ಸಾಫ್ಟ್‌ವೇರ್‌ನವರಿಗೆ ಇದರಿಂದ ವಿನಾಯಿತಿ ಕೊಟ್ಟಿತು. ಕೆನಡಾಕ್ಕೆ ಹೋಗುವವರು ರೆಸ್ಯೂಮೆಯಲ್ಲಿ ‘ಡೆವಲಪರ್’ ಅಂತ ಬರೆದುಕೊಂಡರೆ ತಲೆನೋವಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ‘ಕಂಪ್ಯೂಟರ್ ಪ್ರೋಗ್ರಾಮರ್’ ಮತ್ತು ‘ಸಾಫ್ಟ್‌ವೇರ್ ಡೆವಲಪರ್’ ಎರಡನ್ನೂ ಬೇರೆ ಬೇರೆ ಲೆಕ್ಕ ಇಡುತ್ತದೆ. ಬೇರೆಯವರು ಮಾಡಿಕೊಟ್ಟ ವಿನ್ಯಾಸವನ್ನು ಕೋಡ್ ಆಗಿ ಬರೆಯುವವರು ಮೊದಲ ಗುಂಪು. ಏನು ಬೇಕು ಅಂತ ಕೇಳಿ ತಿಳಿದು, ವಿನ್ಯಾಸ ಮಾಡಿ, ಕಟ್ಟುವವರು ಎರಡನೆಯ ಗುಂಪು. 2023ರಿಂದ 2033ರ ನಡುವೆ ಮೊದಲ ಗುಂಪಿನ ಕೆಲಸ ಶೇ 10ರಷ್ಟು ಕಡಿಮೆಯಾಗುತ್ತದೆ, ಡೆವಲಪರ್‌ ಮತ್ತು ಟೆಸ್ಟರ್‌ಗಳ ಕೆಲಸ ಶೇ 17ರಷ್ಟು ಹೆಚ್ಚುತ್ತದೆ ಅನ್ನುವುದು ಆ ಇಲಾಖೆ 2024ರಲ್ಲಿ ಮಾಡಿದ ಅಂದಾಜು. ಅಂದಾಜು ಅಂದಾಜೇ, ಹೇಳಿದಷ್ಟೇ ಆಗಬೇಕಂತಿಲ್ಲ. ಆದರೆ ದಿಕ್ಕು ನನಗೆ ನಿಜ ಅನಿಸುತ್ತದೆ. ಕೈಗೆ ಬಂದ ಟಿಕೆಟ್ (ಮಾಡಬೇಕಾದ ಕೆಲಸದ ಚೀಟಿ) ಓದಿ, ಅದರಲ್ಲಿ ಬರೆದಷ್ಟನ್ನೇ ಮಾಡಿ, ಮುಂದಿನ ಟಿಕೆಟ್‌ಗೆ ಹೋಗುವ ಕೆಲಸ ಯಾವ ಹೆಸರಿನಲ್ಲಿ ಬಂದರೂ ಹುಷಾರಾಗಿರಿ. ಇಂಟರ್‌ವ್ಯೂನಲ್ಲಿ ಕೇಳಿ: ‘ಇದನ್ನು ಯಾಕೆ ಮಾಡುತ್ತಿದ್ದೇವೆ ಅಂತ ಡೆವಲಪರ್‌ಗಳು ಬಳಕೆದಾರರ ಹತ್ತಿರ ಮಾತಾಡುತ್ತಾರಾ?’ ಇಲ್ಲ ಅಂದರೆ, ಅದು ಹಳೆಯ ಕೋಡರ್ ಕೆಲಸ.

ಫ್ರಂಟ್‌ಎಂಡ್, ಬ್ಯಾಕ್‌ಎಂಡ್, ಫುಲ್ ಸ್ಟಾಕ್

1990ರ ದಶಕದಲ್ಲಿ ‘ವೆಬ್‌ಮಾಸ್ಟರ್’ ಅಂತ ಒಬ್ಬರು ಇರುತ್ತಿದ್ದರು. ಪುಟ ಬರೆಯುವುದು, ಚಿತ್ರ ಹಾಕುವುದು, ಸರ್ವರ್ ನೋಡಿಕೊಳ್ಳುವುದು ಎಲ್ಲ ಅವರದೇ. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಮಾಡಿಕೊಟ್ಟರು. ಹತ್ತು ವರ್ಷದ ಮೇಲೆ, ಪುಟ ಮತ್ತೆ ಲೋಡ್ ಆಗದೆ ನಕಾಶೆ ಸರಿಯುವ ಗೂಗಲ್ ಮ್ಯಾಪ್ಸ್ ಬಂತು. ಬ್ರೌಸರ್ ಒಳಗೆ ಬರೆಯುವ ಕೋಡ್ ಅಲ್ಲಿಂದ ಬೆಳೆಯುತ್ತಾ ಹೋಗಿ ಫ್ರಂಟ್‌ಎಂಡ್ ಒಂದು ಪೂರ್ತಿ ಕಸುಬಾಯಿತು.

ನಮ್ಮ ಬಟನ್‌ಗೆ ಬರೋಣ. ಫ್ರಂಟ್‌ಎಂಡ್‌ನವರು ಮಾಡುವುದು ಏನು? ಒಮ್ಮೆ ಒತ್ತಿದ ತಕ್ಷಣ ಬಟನ್ ಮತ್ತೆ ಒತ್ತಲು ಬಾರದ ಹಾಗೆ ಮಾಡುತ್ತಾರೆ. ಇಷ್ಟೇನಾ ಅನಿಸಬಹುದು. ಬಟನ್ ಬಣ್ಣ ಮಂಕಾದದ್ದು ಕಣ್ಣು ಕಾಣದವರಿಗೆ ಹೇಗೆ ಗೊತ್ತಾಗಬೇಕು? ಸ್ಕ್ರೀನ್ ರೀಡರ್ ‘ಪಾವತಿ ನಡೆಯುತ್ತಿದೆ’ ಅಂತ ಹೇಳಬೇಕು. ಅರ್ಧದಲ್ಲಿ ನೆಟ್ ಹೋದರೆ ಬಟನ್ ಮಂಕಾಗಿಯೇ ಉಳಿದುಬಿಡಬಾರದು. ಹಿಂದಕ್ಕೆ ಹೋಗಿ ಮತ್ತೆ ಅದೇ ಪುಟಕ್ಕೆ ಬಂದರೆ? ಫಾರ್ಮ್ ತುಂಬಿ ಎಂಟರ್ ಕೀ ಒತ್ತಿದರೆ? ಹಳೆಯ ಫೋನಿನಲ್ಲಿ ನಿಧಾನವಾದರೆ? ಮನುಷ್ಯರ ಬೆರಳು, ಕಣ್ಣು, ಅವಸರ, ಇವುಗಳಿಗೆ ಉತ್ತರ ಕೊಡುವುದು ಫ್ರಂಟ್‌ಎಂಡ್ ಕೆಲಸ. ಮಾಡಿದ್ದು ತಕ್ಷಣ ಕಣ್ಣಿಗೆ ಕಾಣುವ ಖುಷಿ ಇದೆ. ಕಂಡವರೆಲ್ಲ ಅಭಿಪ್ರಾಯ ಹೇಳುವ ಕಾಟವೂ ಇದೆ. ಬಳಸುವ ಲೈಬ್ರರಿಗಳೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಗ ಬದಲಾಗುತ್ತವೆ. ಮಾಡಿದ್ದನ್ನೇ ಹೊಸ ಲೈಬ್ರರಿಯಲ್ಲಿ ಮತ್ತೆ ಮಾಡಲು ಬೇಸರ ಪಡುವವರಿಗೆ ಇದು ಕಷ್ಟ.

ಬ್ಯಾಕ್‌ಎಂಡ್‌ನವರು, ಅಂದರೆ ಸರ್ವರ್ ಕಡೆಯ ಕೋಡ್ ಬರೆಯುವವರು, ಬಟನ್ ಅನ್ನು ನಂಬುವುದೇ ಇಲ್ಲ, ನಂಬಲೂಬಾರದು. ಒಮ್ಮೆ ಒತ್ತಿದರೂ ನಡುವಿನ ನೆಟ್‌ವರ್ಕ್ ಅದೇ ಕೋರಿಕೆಯನ್ನು ಎರಡು ಸಲ ಕಳಿಸಬಹುದು. ಆದ್ದರಿಂದ ಒಂದೊಂದು ಪಾವತಿಗೂ ಒಂದು ಗುರುತಿನ ಸಂಖ್ಯೆ ಜೊತೆಗೆ ಬರುವ ಹಾಗೆ ಮಾಡುತ್ತಾರೆ. ಆ ಸಂಖ್ಯೆ ಮೊದಲೇ ಬಂದಿದ್ದರೆ ಮತ್ತೆ ಹಣ ಕಡಿತ ಮಾಡದೆ ಹಳೆಯ ಉತ್ತರವನ್ನೇ ತಿರುಗಿ ಕೊಡುತ್ತಾರೆ. ಲೆಕ್ಕ ತಪ್ಪಬಾರದು, ದಾಖಲೆ ಕಳೆಯಬಾರದು, ಒಬ್ಬರ ವಿವರ ಇನ್ನೊಬ್ಬರಿಗೆ ಕಾಣಬಾರದು. ಉತ್ತರ ಕೊಡಬೇಕಾದದ್ದು ಇದಕ್ಕೆ. ಎಲ್ಲ ಸರಿಯಾಗಿ ನಡೆದರೆ ನೀವು ಏನು ಮಾಡಿದಿರಿ ಅಂತ ಯಾರಿಗೂ ಕಾಣುವುದಿಲ್ಲ. ಇದು ಕೆಲವರಿಗೆ ನೆಮ್ಮದಿ, ಕೆಲವರಿಗೆ ಬೇಸರ. ಇಲ್ಲಿ ಕಲಿತದ್ದು ಹೆಚ್ಚು ದಿನ ಬಾಳುತ್ತದೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆ 1970ರ ದಶಕದ್ದು, ಇವತ್ತೂ ಬ್ಯಾಕ್‌ಎಂಡ್‌ನವರು ದಿನಾ ಅದನ್ನೇ ಬರೆಯುತ್ತಾರೆ.

ಫುಲ್ ಸ್ಟಾಕ್ ಅಂದರೆ ಎರಡೂ. 2009ರಲ್ಲಿ ನೋಡ್ (Node.js) ಅನ್ನುವ ಸಲಕರಣೆ ಬಂದ ಮೇಲೆ ಸರ್ವರ್‌ನಲ್ಲೂ ಜಾವಾಸ್ಕ್ರಿಪ್ಟ್ ಬರೆಯುವುದು ಸುಲಭವಾಯಿತು, ಈ ಹೆಸರು ಎಲ್ಲ ಕಡೆ ಹರಡಿತು. ಇಲ್ಲೇ ಜಾಸ್ತಿ ಎಚ್ಚರ ಬೇಕು. ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ. ಒಳ್ಳೆಯ ಕಡೆ ಫುಲ್ ಸ್ಟಾಕ್ ಅಂದರೆ ಒಂದು ಸೌಲಭ್ಯವನ್ನು ಪರದೆಯಿಂದ ಡೇಟಾಬೇಸ್‌ವರೆಗೆ ನೀವೇ ಕಟ್ಟುತ್ತೀರಿ. ಎಲ್ಲಿ ಸಿಕ್ಕಿಕೊಂಡರೂ ಕೇಳಲು ಆಯಾ ಭಾಗದ ನುರಿತವರು ಪಕ್ಕದಲ್ಲಿ ಇರುತ್ತಾರೆ. ಇದಕ್ಕಿಂತ ಬೇಗ ಕಲಿಯುವ ಜಾಗ ನನಗೆ ಗೊತ್ತಿಲ್ಲ. ಕೆಟ್ಟ ಕಡೆ ಅದರ ಅರ್ಥ ‘ಮೂವರ ಬದಲು ಒಬ್ಬರು’. ಎರಡನ್ನೂ ಬೇರೆ ಮಾಡುವ ಪ್ರಶ್ನೆ ಸುಲಭ: ತಂಡದಲ್ಲಿ ಎಷ್ಟು ಜನ ಇದ್ದಾರೆ, ನನ್ನ ಕೋಡ್ ಯಾರು ರಿವ್ಯೂ ಮಾಡುತ್ತಾರೆ, ಅಂದರೆ ಓದಿ ತಪ್ಪು ಹಿಡಿಯುತ್ತಾರೆ? ‘ನೀವೇ ಮೊದಲನೆಯವರು’ ಅನ್ನುವ ಉತ್ತರ ಬಂದರೆ, ಹತ್ತು ವರ್ಷ ಅನುಭವ ಇದ್ದವರು ಬೇಕಾದರೆ ಹೋಗಲಿ. ಫ್ರೆಷರ್ ಆಗಿದ್ದರೆ ದಯವಿಟ್ಟು ಬೇಡ.

ಡೆವ್‌ಆಪ್ಸ್, ಎಸ್‌ಆರ್‌ಇ, ಪ್ಲಾಟ್‌ಫಾರ್ಮ್

ಮೊದಲು ಕೋಡ್ ಬರೆಯುವವರು ಒಂದು ಕಡೆ, ಸರ್ವರ್ ನಡೆಸುವವರು ಇನ್ನೊಂದು ಕಡೆ. ಇವರು ಬರೆದು ಅವರ ಕಡೆ ತಳ್ಳುತ್ತಿದ್ದರು, ಕೆಟ್ಟರೆ ಒಬ್ಬರನ್ನೊಬ್ಬರು ದೂರುತ್ತಿದ್ದರು. ಈ ಗೋಡೆ ಒಡೆಯಬೇಕು ಅಂತ 2009ರಲ್ಲಿ ಬೆಲ್ಜಿಯಂನ ಗೆಂಟ್ ಊರಿನಲ್ಲಿ ಪ್ಯಾಟ್ರಿಕ್ ಡೆಬೋಯಿಸ್ ಒಂದು ಸಮಾವೇಶ ನಡೆಸಿದರು, ಹೆಸರು ‘ಡೆವ್‌ಆಪ್ಸ್ ಡೇಸ್’ (ಡೆವಲಪ್‌ಮೆಂಟ್ ಮತ್ತು ಆಪರೇಷನ್ಸ್ ಸೇರಿಸಿ). ಡೆವ್‌ಆಪ್ಸ್ ಹುಟ್ಟಿದ್ದು ಎಲ್ಲರೂ ಕೂಡಿ ಕೆಲಸ ಮಾಡುವ ರೀತಿಗೆ ಇಟ್ಟ ಹೆಸರಾಗಿ. ಆಮೇಲೆ ಕಂಪನಿಗಳು ಅದನ್ನೇ ಒಂದು ಹುದ್ದೆ ಮಾಡಿದವು. ಹಲವು ಕಡೆ ಹಳೆಯ ಸಿಸ್ಟಮ್ ಅಡ್ಮಿನ್ ಕುರ್ಚಿಗೇ ಈ ಹೊಸ ಹೆಸರು ಅಂಟಿಸಿದ್ದಾರೆ, ಗೋಡೆ ಹಾಗೇ ಇದೆ.

ಎಸ್‌ಆರ್‌ಇ ಅಂದರೆ ಸೈಟ್ ರಿಲಯಬಿಲಿಟಿ ಎಂಜಿನಿಯರ್. 2003ರಲ್ಲಿ ಗೂಗಲ್‌ನಲ್ಲಿ ಬೆನ್ ಟ್ರೇನರ್ ಸ್ಲಾಸ್ ಈ ತಂಡ ಕಟ್ಟಿದರು. ಇದರಲ್ಲಿ ನನಗೆ ತುಂಬ ಇಷ್ಟವಾದ ಎರಡು ನಿಯಮಗಳಿವೆ. ಒಂದು, ಸರ್ವರ್ ನೋಡಿಕೊಳ್ಳುವ ದಿನನಿತ್ಯದ ಕೆಲಸ ಅರ್ಧ ಸಮಯಕ್ಕಿಂತ ಜಾಸ್ತಿ ಆಗಬಾರದು. ಉಳಿದ ಅರ್ಧದಲ್ಲಿ ಆ ಕೆಲಸವೇ ಬಾರದ ಹಾಗೆ ಕೋಡ್ ಬರೆಯಬೇಕು. ಇನ್ನೊಂದು, ಎಷ್ಟು ಕೆಟ್ಟರೆ ಪರವಾಗಿಲ್ಲ ಅಂತ ಮೊದಲೇ ಮಾತಾಡಿಕೊಳ್ಳುವುದು. ಶೇ 99.9ರಷ್ಟು ಹೊತ್ತು ಸೇವೆ ನಡೆಯಬೇಕು ಅಂದರೆ 30 ದಿನಕ್ಕೆ ಸುಮಾರು 43 ನಿಮಿಷ ನಿಂತರೂ ಸರಿ. ಶೇ 99.99 ಅಂದರೆ ಬರೀ 4 ನಿಮಿಷ ಚಿಲ್ಲರೆ. ಆ ನಿಮಿಷಗಳು ಖರ್ಚಾದರೆ ಹೊಸ ರಿಲೀಸ್ ನಿಲ್ಲಿಸಿ ಮೊದಲು ಗಟ್ಟಿಮಾಡುತ್ತಾರೆ. ಜಗಳ ಮಾಡುವ ಬದಲು ಲೆಕ್ಕ ನೋಡಿ ತೀರ್ಮಾನ ಮಾಡುವ ಈ ರೀತಿ ಇರುವ ಕಡೆ ಎಸ್‌ಆರ್‌ಇ ಕೆಲಸ ಬಹಳ ಒಳ್ಳೆಯದು. ಹೆಸರು ಎಸ್‌ಆರ್‌ಇ ಇದ್ದು ಈ ಎರಡು ನಿಯಮ ಇಲ್ಲದಿದ್ದರೆ, ಅದು ರಾತ್ರಿಪಾಳಿ ಅಷ್ಟೇ.

ರಾತ್ರಿಯ ಮಾತು ಬಂದದ್ದಕ್ಕೆ ನನ್ನದೇ ಒಂದು ಅನುಭವ. ಒಂದು ಕಂಪನಿಗೆ ಡೆವಲಪರ್ ಅಂತ ಸೇರಿದ್ದೆ. ಆಫರ್ ಲೆಟರ್‌ನಲ್ಲಿ, ಇಂಟರ್‌ವ್ಯೂನಲ್ಲಿ, ಎಲ್ಲೂ ಆನ್-ಕಾಲ್ (ಯಾವ ಹೊತ್ತಿನಲ್ಲಿ ಕರೆ ಬಂದರೂ ಎದ್ದು ನೋಡುವ ಸರದಿ) ಮಾತು ಬಂದಿರಲಿಲ್ಲ. ಎರಡನೇ ವಾರ ರಾತ್ರಿ ಎರಡೂವರೆಗೆ ಫೋನ್. ಸೇವೆ ನಿಂತಿದೆ. ಎದ್ದು ಲ್ಯಾಪ್‌ಟಾಪ್ ತೆರೆದು ನೋಡಿದರೆ, ನಡೆದದ್ದೆಲ್ಲ ದಾಖಲಾಗುವ ಲಾಗ್ ಫೈಲ್ ಬೆಳೆದು ಬೆಳೆದು ಡಿಸ್ಕ್ ತುಂಬಿತ್ತು. ಅಳಿಸಿದೆ, ಐದು ನಿಮಿಷದಲ್ಲಿ ಎಲ್ಲ ಸರಿಯಾಯಿತು. ಬೆಳಿಗ್ಗೆ ‘ಹಳೆಯ ಲಾಗ್ ತಾನೇ ಅಳಿಯುವ ಹಾಗೆ ಮಾಡೋಣ, ಅರ್ಧ ದಿನದ ಕೆಲಸ’ ಅಂದೆ. ‘ಈಗ ಸಮಯ ಇಲ್ಲ’ ಅಂದರು. ಹನ್ನೊಂದು ದಿನದ ಮೇಲೆ ಅದೇ ಹೊತ್ತಿಗೆ ಅದೇ ಕಾರಣಕ್ಕೆ ಮತ್ತೆ ಫೋನ್. ರಾತ್ರಿ ಎದ್ದದ್ದಕ್ಕೆ ನನಗೆ ಬೇಸರ ಇರಲಿಲ್ಲ. ಎದ್ದವನ ಮಾತಿಗೆ ಬೆಲೆ ಇಲ್ಲದ್ದು ನೋಯಿಸಿತು. ಅಲ್ಲಿಂದ ಮುಂದೆ ಎಲ್ಲೇ ಹೋದರೂ ಆನ್-ಕಾಲ್ ಬಗ್ಗೆ ಬಾಯಿ ಬಿಟ್ಟು ಕೇಳುತ್ತೇನೆ: ಎಷ್ಟು ಜನ ಸರದಿಯಲ್ಲಿ ಇದ್ದಾರೆ, ಕಳೆದ ತಿಂಗಳು ರಾತ್ರಿ ಎಷ್ಟು ಸಲ ಫೋನ್ ಬಂತು, ರಾತ್ರಿ ಎದ್ದವರಿಗೆ ಮರುದಿನ ಬಿಡುವು ಇದೆಯಾ, ಕಾರಣ ಸರಿಮಾಡಲು ಸಮಯ ಕೊಡುತ್ತೀರಾ.

ಪ್ಲಾಟ್‌ಫಾರ್ಮ್ ಎಂಜಿನಿಯರ್ ಇತ್ತೀಚಿನ ಹೆಸರು. ಕಂಪನಿಯ ಒಳಗಿನ ಡೆವಲಪರ್‌ಗಳೇ ಇವರ ಬಳಕೆದಾರರು. ಅವರು ಕೋಡ್ ಸುಲಭವಾಗಿ ಡಿಪ್ಲಾಯ್ ಮಾಡುವ, ಅಂದರೆ ಬಳಕೆಗೆ ಬಿಡುವ, ಹಾಗೆ ಸಲಕರಣೆ ಕಟ್ಟಿಕೊಡುತ್ತಾರೆ. ಸಹೋದ್ಯೋಗಿಗಳಿಗೆ ನೆರವಾಗುವುದರಲ್ಲಿ ಖುಷಿ ಕಾಣುವವರಿಗೆ ಸರಿ. ಆದರೆ ಐವತ್ತು ಡೆವಲಪರ್‌ಗಳೂ ಇಲ್ಲದ ಕಂಪನಿಯಲ್ಲಿ ಈ ಹೆಸರಿನ ಹುದ್ದೆ ಇದ್ದರೆ, ಅದರೊಳಗೆ ಬೇರೆ ಏನೇನು ಸೇರಿದೆ ಅಂತ ವಿಚಾರಿಸಿ.

ಟೆಸ್ಟಿಂಗ್

ಒಬ್ಬ ಒಳ್ಳೆಯ ಟೆಸ್ಟರ್ ಇದ್ದಿದ್ದರೆ ನಮ್ಮ ಬಟನ್ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ನೆಟ್ ನಿಧಾನ ಮಾಡಿ ಎರಡು ಸಲ ಒತ್ತುವುದು ಅವರಿಗೆ ಅಭ್ಯಾಸ. ಆದರೂ ಬರೀ ಕೈಯಿಂದ ಪರೀಕ್ಷೆ ಮಾಡುವ ಹುದ್ದೆಗಳು ಕಡಿಮೆಯಾಗಿವೆ. ಮೈಕ್ರೋಸಾಫ್ಟ್ 2014ರ ಸುಮಾರಿಗೆ ಹಲವು ತಂಡಗಳಲ್ಲಿ ಟೆಸ್ಟ್ ಕೋಡ್ ಬರೆಯುವ ಪ್ರತ್ಯೇಕ ಹುದ್ದೆಯನ್ನೇ ತೆಗೆದು ಡೆವಲಪರ್ ಕೆಲಸಕ್ಕೆ ಸೇರಿಸಿತು. ಈ ದಾರಿ ಹಿಡಿಯುವವರು ಕೋಡ್ ಬರೆಯುವುದನ್ನೂ ಕಲಿಯಿರಿ. ವೈದ್ಯಕೀಯ ಉಪಕರಣ, ವಿಮಾನ, ಬ್ಯಾಂಕ್, ಇಂಥ ಕಡೆ ಟೆಸ್ಟಿಂಗ್‌ಗೆ ಇವತ್ತೂ ಒಳ್ಳೆಯ ಗೌರವ ಇದೆ.

ಡೇಟಾ ಕಡೆಯ ಹೆಸರುಗಳು

‘ಡೇಟಾ ಸೈಂಟಿಸ್ಟ್’ ಅನ್ನುವ ಹುದ್ದೆಯ ಹೆಸರಿಗೆ 2008ರಲ್ಲಿ ಚಾಲನೆ ಕೊಟ್ಟವರು ಲಿಂಕ್ಡ್‌ಇನ್‌ನಲ್ಲಿದ್ದ ಡಿ.ಜೆ. ಪಾಟೀಲ್ ಮತ್ತು ಫೇಸ್‌ಬುಕ್‌ನಲ್ಲಿದ್ದ ಜೆಫ್ ಹ್ಯಾಮರ್‌ಬ್ಯಾಕರ್. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಎಷ್ಟೋ ಜನ ಮಾಡೆಲ್ (ಹಳೆಯ ಡೇಟಾದಿಂದ ಕಲಿತು ಊಹಿಸುವ ಪ್ರೋಗ್ರಾಮ್) ಕಟ್ಟುವ ಆಸೆಯಿಂದ ಸೇರಿ, ಕೊಳೆ ತುಂಬಿದ ಕೋಷ್ಟಕಗಳನ್ನು ತೊಳೆಯುತ್ತಾ ಕೂತರು.

ಇಲ್ಲಿ ನಾಲ್ಕು ಕೆಲಸ ಬೇರೆ ಮಾಡಿ ನೋಡಿ. ಎಷ್ಟು ಜನರಿಗೆ ಎರಡು ಸಲ ಹಣ ಹೋಯಿತು ಅಂತ ಎಣಿಸಿ ಹೇಳುವವರು ಅನಲಿಸ್ಟ್. ಸುಲಭ ಅನಿಸುತ್ತದೆ. ಆದರೆ ಒಬ್ಬರು ಬೇಕಂತಲೇ ಎರಡು ಟಿಕೆಟ್ ಕೊಂಡಿದ್ದರೆ? ಎರಡರ ನಡುವೆ ಮೂರು ಸೆಕೆಂಡ್ ಇದ್ದರೆ ತಪ್ಪಿ ಒತ್ತಿದ್ದಾ, ಮೂರು ನಿಮಿಷ ಇದ್ದರೆ? ಆ ಗೆರೆ ಎಲ್ಲಿ ಎಳೆಯಬೇಕು ಅಂತ ತೀರ್ಮಾನ ಮಾಡುವುದೇ ಅವರ ಜಾಣತನ. ಆ ಲೆಕ್ಕಕ್ಕೆ ಬೇಕಾದ ದಾಖಲೆ ಪ್ರತಿ ಬೆಳಿಗ್ಗೆ ಸರಿಯಾಗಿ ಬಂದು ಸೇರುವ ಹಾಗೆ ನೋಡಿಕೊಳ್ಳುವವರು ಡೇಟಾ ಎಂಜಿನಿಯರ್. ಮೋಸದ ಪಾವತಿ ಯಾವುದು ಅಂತ ಮೊದಲೇ ಊಹಿಸುವ ಮಾಡೆಲ್ ಬಗ್ಗೆ ಯೋಚಿಸಿ, ಪ್ರಯೋಗ ಮಾಡುವವರು ಡೇಟಾ ಸೈಂಟಿಸ್ಟ್. ಆ ಮಾಡೆಲ್ ಅನ್ನು ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ನಿಜವಾಗಿ ಬಳಸುವ ಕಡೆ, ಓಡಿಸುವವರು ಎಂಎಲ್ (ಮೆಷಿನ್ ಲರ್ನಿಂಗ್) ಎಂಜಿನಿಯರ್. ಕೋಡ್ ಇಷ್ಟ, ಗಣಿತ ಅಷ್ಟಕ್ಕಷ್ಟೇ ಅನ್ನುವವರಿಗೆ ನನ್ನ ಸಲಹೆ ಡೇಟಾ ಎಂಜಿನಿಯರ್. ಹೆಸರಿಗೆ ಹೊಳಪು ಕಡಿಮೆ, ಆದರೆ ಉಳಿದ ಮೂವರ ಕೆಲಸ ಇವರ ಮೇಲೇ ನಿಂತಿದೆ.

ಎಐ ಬಂದ ಮೇಲೆ

2021ರಲ್ಲಿ ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಬಂತು, 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ. ಅದರ ಬೆನ್ನಿಗೇ, ಎಐಗೆ ಕೊಡುವ ಸೂಚನೆ ಬರೆಯುವ ‘ಪ್ರಾಂಪ್ಟ್ ಎಂಜಿನಿಯರ್’ ಅನ್ನುವ ಹುದ್ದೆ ಎದ್ದಿತು, ಅಷ್ಟೇ ಬೇಗ ಬೇರೆ ಕೆಲಸಗಳ ಒಳಗೆ ಕರಗಿತು. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕಾರ್ಪಥಿ ‘ವೈಬ್ ಕೋಡಿಂಗ್’ ಅನ್ನುವ ಮಾತು ಹೇಳಿದರು: ಕೋಡ್ ಓದಲೂ ಹೋಗದೆ, ಬೇಕಾದ್ದನ್ನು ಹೇಳಿ ಮಾಡಿಸಿಕೊಳ್ಳುವುದು. ಈಗ ಜಾಹೀರಾತುಗಳಲ್ಲಿ ‘ಎಐ ಎಂಜಿನಿಯರ್’ ಜಾಸ್ತಿ. ಇದರ ಅರ್ಥ ಹೆಚ್ಚಿನ ಕಡೆ ಹೊಸ ಮಾಡೆಲ್ ಕಟ್ಟುವುದಲ್ಲ. ಇರುವ ಮಾಡೆಲ್ ಅನ್ನು ಕಂಪನಿಯ ಕೆಲಸಕ್ಕೆ ಜೋಡಿಸುವುದು, ಅದು ಕೊಡುವ ಉತ್ತರ ಸರಿ ಇದೆಯಾ ಅಂತ ಅಳೆಯುವುದು. ಮುಕ್ಕಾಲು ಪಾಲು ಬ್ಯಾಕ್‌ಎಂಡ್ ಕೆಲಸವೇ. ಬ್ಯಾಕ್‌ಎಂಡ್ ಗೊತ್ತಿದ್ದವರು ಹೆದರದೆ ಅರ್ಜಿ ಹಾಕಿ. ಬ್ಯಾಕ್‌ಎಂಡ್ ಬಿಟ್ಟು ನೇರ ಇದನ್ನೇ ಕಲಿಯುತ್ತೇನೆ ಅನ್ನುವವರು ಸ್ವಲ್ಪ ನಿಲ್ಲಿ.

ಯಾಕೆ ಅಂತ ತೋರಿಸುತ್ತೇನೆ. ನಮ್ಮ ಎರಡು ಸಲದ ಪಾವತಿಯನ್ನು ತಡೆಯುವ ಕೋಡ್ ಬರೆದುಕೊಡು ಅಂತ ಒಂದು ಎಐ ಸಹಾಯಕನಿಗೆ ಹೇಳಿದೆ. ಅರ್ಧ ನಿಮಿಷದಲ್ಲಿ ಬರೆದುಕೊಟ್ಟಿತು. ಗುರುತಿನ ಸಂಖ್ಯೆ ಡೇಟಾಬೇಸ್‌ನಲ್ಲಿ ಇದೆಯಾ ನೋಡು, ಇಲ್ಲದಿದ್ದರೆ ಸೇರಿಸಿ ಹಣ ಕಡಿತ ಮಾಡು. ಓದಲು ಚೆನ್ನಾಗಿತ್ತು. ಟೆಸ್ಟ್‌ಗಳನ್ನೂ ಅದೇ ಬರೆಯಿತು, ಎಲ್ಲ ಪಾಸ್. ಆದರೆ ಎರಡು ಕೋರಿಕೆಗಳು ಒಂದೇ ಕ್ಷಣಕ್ಕೆ ಬಂದರೆ? ಮೊದಲನೆಯದು ನೋಡುತ್ತದೆ, ಇಲ್ಲ. ಅದು ಸೇರಿಸುವ ಮೊದಲೇ ಎರಡನೆಯದೂ ನೋಡುತ್ತದೆ, ಇಲ್ಲ. ಎರಡೂ ಹಣ ಕಡಿತ ಮಾಡುತ್ತವೆ. ನೋಡುವುದು ಮತ್ತು ಸೇರಿಸುವುದರ ನಡುವೆ ಸಂದು ಇರಬಾರದು. ಒಂದೇ ಸಂಖ್ಯೆ ಎರಡು ಸಲ ಸೇರದ ಹಾಗೆ ಡೇಟಾಬೇಸ್‌ಗೇ ಕಟ್ಟಳೆ ಹಾಕಿ, ಮೊದಲು ಸೇರಿಸಲು ನೋಡಿ, ಸೇರಿದರೆ ಮಾತ್ರ ಮುಂದೆ ಹೋಗಬೇಕು. ಹೀಗೆ ಹೇಳಿದ ಮೇಲೆ ಅದೇ ಸಹಾಯಕ ಸರಿಯಾಗಿ ಬರೆಯಿತು. ಹೇಳಲು ನನಗೆ ಗೊತ್ತಿರಬೇಕಿತ್ತು ಅಷ್ಟೇ. ಗೊತ್ತಾದದ್ದು ಹೇಗೆ? ಹಿಂದೊಮ್ಮೆ ನಾನೇ ಆ ತಪ್ಪು ಮಾಡಿ, ನನಗಿಂತ ಹಿರಿಯರು ರಿವ್ಯೂನಲ್ಲಿ ಹಿಡಿದಿದ್ದರು.

ಅದಕ್ಕೇ ಹೊಸಬರಿಗೆ ಹೇಳುವುದು: ಇವತ್ತು ಕೆಲಸ ಆರಿಸುವಾಗ ಕೋಡ್ ರಿವ್ಯೂ ಇರುವ ಕಡೆ ಹೋಗಿ. ಸಂಬಳ ಸ್ವಲ್ಪ ಕಡಿಮೆ ಇದ್ದರೂ ಹೋಗಿ. ಸಣ್ಣ ಸಣ್ಣ ಕೋಡ್ ಬರೆಯುತ್ತಾ ಕಲಿಯುತ್ತಿದ್ದ ಕೆಲಸವನ್ನು ಎಐ ಮಾಡುತ್ತಿದೆ. ಹಾಗಾಗಿ ಕಲಿಯುವ ಜಾಗವನ್ನು ಮೊದಲಿಗಿಂತ ಜಾಸ್ತಿ ಹುಡುಕಬೇಕಾಗಿದೆ. ಇದು ನನಗೆ ನಿಜವಾಗಿಯೂ ಚಿಂತೆ ಕೊಡುವ ವಿಷಯ.

ಸೀನಿಯರ್ ಆದ ಮೇಲೆ: ಸ್ಟಾಫ್ ಅಥವಾ ಮ್ಯಾನೇಜರ್

‘ಸೀನಿಯರ್’ ಅನ್ನುವುದಕ್ಕೆ ಒಂದು ಅಳತೆ ಇಲ್ಲ. ಒಂದು ಕಡೆ ಮೂರು ವರ್ಷಕ್ಕೆ ಕೊಡುತ್ತಾರೆ, ಇನ್ನೊಂದು ಕಡೆ ಎಂಟು ವರ್ಷವಾದರೂ ಇಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ‘ಮೆಂಬರ್ ಆಫ್ ಟೆಕ್ನಿಕಲ್ ಸ್ಟಾಫ್’ ಅನ್ನುವ ಒಂದೇ ಹೆಸರಿನಡಿ ದೊಡ್ಡ ದೊಡ್ಡವರೆಲ್ಲ ಕೆಲಸ ಮಾಡಿದರು. ಇವತ್ತೂ ಕೆಲವು ಕಂಪನಿಗಳು ಅದೇ ಹೆಸರನ್ನು ಎಲ್ಲರಿಗೂ ಕೊಡುತ್ತವೆ. ಹೆಸರು ದೊಡ್ಡದಾಗಿ ಸಂಬಳ, ಜವಾಬ್ದಾರಿ ಎರಡೂ ಹಾಗೇ ಇದ್ದರೆ ಅದು ಬಡ್ತಿಯಲ್ಲ.

ನಿಜವಾದ ಕವಲು ಇದರ ಮುಂದೆ ಬರುತ್ತದೆ. ಸ್ಟಾಫ್ ಎಂಜಿನಿಯರ್ (ಸೀನಿಯರ್‌ಗಿಂತ ಮೇಲಿನ ತಾಂತ್ರಿಕ ಹುದ್ದೆ) ಆದರೆ ಕೋಡ್ ಬರೆಯುವುದು ಕಡಿಮೆಯಾಗುತ್ತದೆ, ಬಿಡುವುದಿಲ್ಲ. ಐದು ತಂಡಗಳು ಐದು ರೀತಿಯಲ್ಲಿ ಪಾವತಿ ಕೋಡ್ ಬರೆದಿವೆ, ಅದಕ್ಕೇ ಎರಡು ಸಲದ ತೊಂದರೆ ಒಂದೊಂದು ಕಡೆ ಒಂದೊಂದು ಸಲ ಏಳುತ್ತಿದೆ ಅಂತ ಕಂಡುಹಿಡಿದು, ಐವರನ್ನೂ ಒಪ್ಪಿಸಿ ಒಂದೇ ಕಡೆ ತರುವುದು ಅವರ ಕೆಲಸ. ಕೈಯಲ್ಲಿ ಅಧಿಕಾರ ಇರುವುದಿಲ್ಲ, ಬರೆದು, ಮಾತಾಡಿ, ಮಾಡಿ ತೋರಿಸಿಯೇ ಒಪ್ಪಿಸಬೇಕು. ಎಂಜಿನಿಯರಿಂಗ್ ಮ್ಯಾನೇಜರ್ ಉತ್ತರ ಕೊಡುವುದು ಜನರ ಬಗ್ಗೆ. ಯಾರು ದಣಿದಿದ್ದಾರೆ, ಯಾರಿಗೆ ಬಡ್ತಿ ಸಿಗಬೇಕು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಕೆಲಸಕ್ಕೆ ‘ಇಲ್ಲ’ ಅನ್ನಬೇಕು. ಮಾಡಿದ್ದರ ಫಲ ಕಾಣಲು ತಿಂಗಳುಗಟ್ಟಲೆ ಬೇಕು. ಸಂಜೆ ‘ಇವತ್ತು ಏನು ಮಾಡಿದೆ?’ ಅಂತ ಕೇಳಿಕೊಂಡರೆ ತೋರಿಸಲು ಏನೂ ಇರುವುದಿಲ್ಲ. ಅದನ್ನು ತಾಳಿಕೊಳ್ಳುವವರು ಹೋಗಬೇಕು. ಬಡ್ತಿಗೆ ಬೇರೆ ದಾರಿ ಇಲ್ಲ ಅಂತ ಹೋದವರು ತಾವೂ ನೊಂದು ತಂಡವನ್ನೂ ನೋಯಿಸಿದ್ದನ್ನು ನೋಡಿದ್ದೇನೆ. ಹೋಗುವ ಮೊದಲು, ಒಂದು ವರ್ಷದ ಮೇಲೆ ಇಷ್ಟವಾಗದಿದ್ದರೆ ಕೋಡ್ ಕಡೆ ತಿರುಗಿ ಬರಬಹುದಾ ಅಂತ ಕೇಳಿಟ್ಟುಕೊಳ್ಳಿ. ‘ಟೆಕ್ ಲೀಡ್’ ಅನ್ನುವುದು ಹಲವು ಕಡೆ ಇವೆರಡರ ನಡುವೆ ಬರುತ್ತದೆ: ಅರ್ಧ ಕೋಡ್, ಅರ್ಧ ಜನ. ಎರಡನ್ನೂ ರುಚಿ ನೋಡಲು ಒಳ್ಳೆಯ ಜಾಗ. ಬಹಳ ವರ್ಷ ಅಲ್ಲೇ ನಿಂತರೆ ಎರಡು ಕೆಲಸ ಒಬ್ಬರ ಮೇಲೆ ಬೀಳುತ್ತದೆ.

ಎರಡು ಆಫರ್ ಪಕ್ಕಪಕ್ಕ ಇಟ್ಟು ನೋಡುವಾಗ

ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಮೇಲಿನ ಹೆಸರನ್ನು ಬೆರಳಿಂದ ಮುಚ್ಚಿ ಕೆಳಗಿನ ಸಾಲುಗಳನ್ನು ಓದಿ. ಸಲಕರಣೆಗಳ ಹೆಸರೇ ಹದಿನೈದು ಇದ್ದು, ಏನು ಕಟ್ಟಬೇಕು ಅನ್ನುವುದು ಒಂದು ಸಾಲೂ ಇಲ್ಲದಿದ್ದರೆ, ಬರೆದವರಿಗೇ ಆ ಕೆಲಸ ಏನು ಅಂತ ಸ್ಪಷ್ಟ ಇಲ್ಲ. ‘ಮಾಡುತ್ತೀರಿ’, ‘ತೀರ್ಮಾನಿಸುತ್ತೀರಿ’ ಅನ್ನುವ ಮಾತು ಎಷ್ಟಿವೆ, ‘ನೆರವಾಗುತ್ತೀರಿ’ ಎಷ್ಟಿವೆ ನೋಡಿ. ಮೊದಲ ಬಗೆಯ ಮಾತು ಹೆಚ್ಚಿರುವ ಕಡೆ ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಸಂಬಳ, ಊರು, ರಜೆ ನಿಮಗೇ ಗೊತ್ತು. ಅದರ ಆಚೆಗೆ ಇಂಟರ್‌ವ್ಯೂ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯಾ?’ ಅಂದಾಗ ಎರಡೂ ಕಂಪನಿಗಳಿಗೆ ಇದೊಂದು ಪ್ರಶ್ನೆ ತಪ್ಪದೆ ಕೇಳಿ: ‘ಇತ್ತೀಚೆಗೆ ಪ್ರೊಡಕ್ಷನ್‌ನಲ್ಲಿ ದೊಡ್ಡದಾಗಿ ಏನು ಕೆಟ್ಟಿತು? ನಾನು ಸೇರುವ ಹುದ್ದೆಯಲ್ಲಿ ಇದ್ದವರು ಆಗ ಏನು ಮಾಡಿದರು?’ ಒಬ್ಬರು ಏನು ಕೆಟ್ಟಿತು, ಹೇಗೆ ಗೊತ್ತಾಯಿತು, ಆಮೇಲೆ ಏನು ಬದಲಾಯಿಸಿದರು ಅಂತ ಬಿಡಿಸಿ ಹೇಳುತ್ತಾರೆ. ಇನ್ನೊಬ್ಬರು ‘ಒಬ್ಬ ಡೆವಲಪರ್ ತಪ್ಪು ಮಾಡಿದ್ದ, ಈಗ ಅವನು ಇಲ್ಲಿಲ್ಲ’ ಅನ್ನುತ್ತಾರೆ. ಮೊದಲನೆಯವರ ಆಫರ್ ಮೇಲೆ ಹುದ್ದೆಯ ಹೆಸರು ಏನೇ ಇರಲಿ, ಸಹಿ ಹಾಕಿ.